ಇಮ್ಯುನಾಲಜಿ ಪಾಠವನ್ನು ಟ್ಯೂಬ್ ಕೈಯಲ್ಲಿ ಹಿಡಿದು ಶುರು ಮಾಡುವುದು ಹೇಗೆ

ಇದು ಡಿಎಂಎಲ್‌ಟಿ, ಬಿಎಸ್ಸಿ ಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಕೋರ್ಸು) ಮಕ್ಕಳಿಗೆ ಇಮ್ಯುನಾಲಜಿ, ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಪಾಠ, ಹೇಳಿಕೊಡುವವರಿಗೆ. ಎಂಬಿಬಿಎಸ್‌ನವರಿಗೆ ಪಾಠ ಮಾಡುವವರಿಗೂ ಅರ್ಧಕ್ಕರ್ಧ ಉಪಯೋಗಕ್ಕೆ ಬರಬಹುದು.

ಮೊದಲ ಕೆಲವು ವರ್ಷ ನಾನೂ ಎಲ್ಲರ ಹಾಗೆಯೇ ಪಾಠ ಮಾಡಿದೆ. ಬೋರ್ಡಿನ ಮೇಲೆ ವೈ ಆಕಾರದ ಆಂಟಿಬಾಡಿ (ರೋಗಾಣುವನ್ನು ಹಿಡಿಯುವ ಪ್ರೋಟೀನ್), ಪಕ್ಕದಲ್ಲಿ ಟಿ ಕೋಶ, ಬಿ ಕೋಶ, ನಡುವೆ ಒಂದಷ್ಟು ಬಾಣ. ಮಕ್ಕಳು ಚೆಂದಾಗಿ ಬರೆದುಕೊಂಡರು, ಪರೀಕ್ಷೆಯಲ್ಲೂ ಚೆಂದಾಗಿಯೇ ಬರೆದರು. ಆಮೇಲೆ ಪ್ರಾಕ್ಟಿಕಲ್‌ನಲ್ಲಿ ಒಬ್ಬಳಿಗೆ ಮೊದಲ ಎರಡು ಟ್ಯೂಬಿನಲ್ಲಿ ಏನೂ ಕಾಣಲಿಲ್ಲ, ಮೂರನೆಯದರಲ್ಲಿ ಗಂಟು ಕಂಡಿತು. 'ಮೇಡಂ, ನಂದು ಕೆಟ್ಟುಹೋಯ್ತು' ಅಂತ ಹೇಳಿ ಅಷ್ಟನ್ನೂ ಸಿಂಕಿಗೆ ಚೆಲ್ಲಿಬಿಟ್ಟಳು. ಆ ವರ್ಷದ ಅತ್ಯಂತ ಒಳ್ಳೆಯ ಪಾಠ ಹಾಗೆ ನೀರುಪಾಲಾಯಿತು. ತಪ್ಪು ಅವಳದಲ್ಲ, ನನ್ನದು.

ಅಂದಿನಿಂದ ಕ್ರಮ ಬದಲಿಸಿದೆ. ಯಾವ ಟೆಸ್ಟ್ ಇರಲಿ, ಮೂರು ಪ್ರಶ್ನೆ ಕೇಳುತ್ತೇನೆ. ಟ್ಯೂಬಿಗೆ ಏನೇನು ಹಾಕಿದೆವು? ಕಣ್ಣಿಗೆ ಏನು ಕಂಡಿತು? ಕಾಯಿಲೆ ಬಿಟ್ಟು ಇನ್ಯಾವ ಕಾರಣಕ್ಕೆ ಹೀಗೆ ಕಾಣಬಹುದು? ಮೂರನೆಯ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಇಮ್ಯುನಾಲಜಿ ಮುಕ್ಕಾಲು ಭಾಗ ತಾನಾಗೇ ಬಂದುಬಿಡುತ್ತದೆ.

ಮೊದಲ ದಿನ: ಅವರದೇ ರಕ್ತ

ಬ್ಲಡ್ ಗ್ರೂಪಿಂಗ್‌ನಿಂದ ಶುರು ಮಾಡಿ. ಬಿಳಿ ಟೈಲ್, ಆಂಟಿ-ಎ, ಆಂಟಿ-ಬಿ, ಆಂಟಿ-ಡಿ ಅನ್ನುವ ಆಂಟಿಬಾಡಿ ದ್ರಾವಣಗಳು, ಒಂದೊಂದು ಹನಿ ರಕ್ತ. ಇಷ್ಟವಿದ್ದವರು ಮಾತ್ರ ಬೆರಳು ಕೊಡಲಿ, ಒತ್ತಾಯ ಬೇಡ. ಒಬ್ಬರಿಗೆ ಒಂದು ಲ್ಯಾನ್ಸೆಟ್, ಚುಚ್ಚಿದ ಮೇಲೆ ನೇರ ಶಾರ್ಪ್ಸ್ ಡಬ್ಬಕ್ಕೆ. ರಕ್ತ ಒಡೆದ ಹಾಲಿನ ಹಾಗೆ ಕಾಳುಕಾಳಾಗುವುದನ್ನು ಅವರೇ ನೋಡಲಿ. ಅರ್ಧ ಮಕ್ಕಳು 'ಹೆಪ್ಪುಗಟ್ಟಿತು' ಅನ್ನುತ್ತಾರೆ. ಅಲ್ಲೇ ತಡೆದು, ಹೆಪ್ಪುಗಟ್ಟುವುದು ಬೇರೆ, ಆಂಟಿಬಾಡಿಯು ಕೆಂಪು ರಕ್ತಕಣಗಳನ್ನು ಹಿಡಿದು ಒಂದಕ್ಕೊಂದು ಕಟ್ಟುವುದು ಬೇರೆ ಅಂತ ಬಿಡಿಸಿ ಹೇಳಿ. ಈ ಗೊಂದಲ ಅವತ್ತು ಹೋಗದಿದ್ದರೆ ಕೊನೆಯ ವರ್ಷದವರೆಗೂ ಹೋಗುವುದಿಲ್ಲ.

ಎಲ್ಲರೂ ಇಲ್ಲಿಗೆ ನಿಲ್ಲಿಸುತ್ತಾರೆ. ನೀವು ರಿವರ್ಸ್ ಗ್ರೂಪಿಂಗ್ ಕೂಡ ಮಾಡಿಸಿ. ಅಂದರೆ ಅವರ ಸೀರಮ್ಮಿಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಗೊತ್ತಿರುವ ಎ, ಬಿ, ಓ ಕಣಗಳನ್ನು ಹಾಕಿ ನೋಡುವುದು. 'ಓ ಕಣಗಳು ಯಾಕೆ ಮೇಡಂ, ಅವು ಯಾರ ಸೀರಮ್ಮಿನಲ್ಲೂ ಗಂಟಾಗಲ್ವಲ್ಲ?' ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆಗ ಬಾಂಬೆ ಗ್ರೂಪಿನ ಕಥೆ ಹೇಳಿ. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ವರದಿ ಮಾಡಿದ ಗುಂಪು ಅದು. ಎ, ಬಿ ಎರಡಕ್ಕೂ ಅಡಿಪಾಯವಾದ ಎಚ್ ಅನ್ನುವ ಆಂಟಿಜೆನ್ನೇ (ಆಂಟಿಬಾಡಿ ಹಿಡಿಯುವ ಗುರುತು) ಇವರ ಕಣಗಳ ಮೇಲೆ ಇರುವುದಿಲ್ಲ, ಸೀರಮ್ಮಿನಲ್ಲಿ ಆಂಟಿ-ಎಚ್ ಇರುತ್ತದೆ. ಬರೀ ಟೈಲ್ ಮೇಲೆ ನೋಡಿದರೆ ಓ ಗ್ರೂಪ್ ಅಂತಲೇ ಕಾಣುತ್ತದೆ. ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಓ ಕಣ ಹಾಕಿದ ಆ ಒಂದು ಟ್ಯೂಬ್ ಮಾತ್ರ ಗುಟ್ಟು ಬಿಟ್ಟುಕೊಡುತ್ತದೆ. ನಮ್ಮ ರಾಜ್ಯದಲ್ಲೂ ಇಂಥವರು ಸಿಕ್ಕಿದ್ದಾರೆ, ಹಾಗಾಗಿ ಇದು ಮಕ್ಕಳಿಗೆ ಪುಸ್ತಕದ ಕಥೆ ಅನ್ನಿಸುವುದಿಲ್ಲ. ಒಂದು ಹೆಚ್ಚುವರಿ ಟ್ಯೂಬ್ ಯಾಕೆ ಇಡುತ್ತೇವೆ, ಕಂಟ್ರೋಲ್ ಅಂದರೇನು ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಹೇಳಲಾರದು.

ಕೈ ಹಿಡಿಯುವ ಆಟ

ಈಗ ಮೇಜು, ಬೆಂಚು ಪಕ್ಕಕ್ಕೆ ಸರಿಸಿ. ಅರ್ಧ ಮಕ್ಕಳು ಆಂಟಿಬಾಡಿ, ಅವರಿಗೆ ಎರಡೇ ಕೈ. ಉಳಿದವರು ಆಂಟಿಜೆನ್, ಅವರ ತೋಳು, ಭುಜ, ಬೆನ್ನು, ಬ್ಯಾಗು ಎಲ್ಲಿ ಬೇಕಾದರೂ ಹಿಡಿಯಬಹುದು. ನಿಯಮ ಒಂದೇ: ಆಂಟಿಬಾಡಿ ತನ್ನ ಎರಡು ಕೈಯಿಂದ ಇಬ್ಬರನ್ನು ಹಿಡಿಯಬೇಕು. ಎರಡೂ ಕಡೆ ಸಮ ಇದ್ದಾಗ ಇಡೀ ತರಗತಿ ಒಂದೇ ಬಲೆಯಾಗಿ ನಿಂತುಬಿಡುತ್ತದೆ, ಒಬ್ಬರನ್ನು ಎಳೆದರೆ ಎಲ್ಲರೂ ಬರುತ್ತಾರೆ. ಟೈಲ್ ಮೇಲೆ ಕಂಡ ಕಾಳು ಇದೇ.

ಆಮೇಲೆ ಆಂಟಿಜೆನ್ ಮೂರೇ ಜನ, ಉಳಿದವರೆಲ್ಲ ಆಂಟಿಬಾಡಿ ಮಾಡಿ. ಮೂವರ ಮೈತುಂಬಾ ಕೈಗಳು. ಆದರೆ ಇವರನ್ನು ಅವರಿಗೆ ಜೋಡಿಸುವ ಎರಡನೇ ಕೈಗೆ ಹಿಡಿಯಲು ಜಾಗವೇ ಇಲ್ಲ. ಬಲೆ ಆಗುವುದಿಲ್ಲ, ಗಂಟು ಕಾಣುವುದಿಲ್ಲ, ರಿಪೋರ್ಟ್ ನೆಗೆಟಿವ್. ಇದೇ ಪ್ರೋಜೋನ್. ಆಂಟಿಬಾಡಿ ವಿಪರೀತ ಜಾಸ್ತಿ ಇದ್ದದ್ದಕ್ಕೇ ನೆಗೆಟಿವ್ ಬಂತು! ಸೆಕೆಂಡರಿ ಸಿಫಿಲಿಸ್ ಇರುವ ರೋಗಿಯ ವಿಡಿಆರ್‌ಎಲ್ (ಸಿಫಿಲಿಸ್ ಟೆಸ್ಟ್) ಕೆಲವೊಮ್ಮೆ ಹೀಗೇ ಮೋಸ ಮಾಡುತ್ತದೆ, ಸೀರಮ್ಮನ್ನು ತೆಳು ಮಾಡಿ ಮತ್ತೆ ಹಾಕಿದರೆ ಪಾಸಿಟಿವ್ ಬರುತ್ತದೆ. ನನ್ನ ಹುಡುಗಿ ಸಿಂಕಿಗೆ ಚೆಲ್ಲಿದ್ದೂ ಇದನ್ನೇ.

ಐದು ವೈ ಸೇರಿ ಆದ ಐಜಿ-ಎಂ ಬಗೆಯ ಆಂಟಿಬಾಡಿ ತೋರಿಸಬೇಕಾದರೆ ಐದು ಜನರನ್ನು ಬೆನ್ನಿಗೆ ಬೆನ್ನು ತಾಗಿಸಿ ನಿಲ್ಲಿಸಿ. ಹತ್ತು ಕೈ. ದೂರದೂರ ಇರುವವರನ್ನೂ ಹಿಡಿದುಬಿಡುತ್ತದೆ. ಒಂದೇ ವೈ ಇರುವ ಐಜಿ-ಜಿಯ ಎರಡು ಗಿಡ್ಡ ಕೈ ಕೆಂಪು ರಕ್ತಕಣಗಳ ನಡುವಿನ ದೂರವನ್ನು ಸುಲಭಕ್ಕೆ ದಾಟುವುದಿಲ್ಲ, ಅದಕ್ಕೇ ಕೂಂಬ್ಸ್ ಟೆಸ್ಟಿನಲ್ಲಿ ಇನ್ನೊಂದು ಆಂಟಿಬಾಡಿ ಹಾಕಿ ಇವರಿವರನ್ನು ಜೋಡಿಸಬೇಕು. ಆ ಟೆಸ್ಟ್ 1945ರದ್ದು, ಇಂದಿಗೂ ಬ್ಲಡ್ ಬ್ಯಾಂಕ್ ಅದರ ಮೇಲೇ ನಿಂತಿದೆ. ಆಟವಾಡಿದ ಮಕ್ಕಳಿಗೆ ಕೂಂಬ್ಸ್ ವಿವರಿಸಲು ನನಗೆ ಹತ್ತು ನಿಮಿಷ ಸಾಕಾಗುತ್ತದೆ. ಆಡದವರಿಗೆ ಒಂದು ವಾರವೂ ಸಾಕಾಗಿಲ್ಲ.

ಡೈಲ್ಯೂಶನ್: ಬಣ್ಣದ ನೀರಿನಲ್ಲಿ ಕಲಿಸಿ

ಕಿಟ್ ಖರ್ಚು ಮಾಡುವ ಮೊದಲು ಕುಂಕುಮದ ಬಣ್ಣವೋ, ಅಡುಗೆಗೆ ಹಾಕುವ ಕೆಂಪು ಬಣ್ಣವೋ ತೆಗೆದುಕೊಳ್ಳಿ. ಎಂಟು ಟ್ಯೂಬ್. ಮೊದಲನೆಯದಕ್ಕೆ 0.9 ಮಿಲಿ ಸಲೈನ್, ಉಳಿದವಕ್ಕೆಲ್ಲ 0.5 ಮಿಲಿ. ಮೊದಲನೆಯದಕ್ಕೆ 0.1 ಮಿಲಿ 'ಸೀರಮ್' ಹಾಕಿ ಕಲಸಿ, ಅದರಿಂದ 0.5 ಮಿಲಿ ಎರಡನೆಯದಕ್ಕೆ, ಅಲ್ಲಿಂದ 0.5 ಮೂರನೆಯದಕ್ಕೆ, ಹೀಗೆ ಕೊನೆಯವರೆಗೆ, ಕೊನೆಯದರಿಂದ 0.5 ಚೆಲ್ಲಬೇಕು. ಆದರೆ ಏಳನೇ ಟ್ಯೂಬಿಗೆ ನಿಲ್ಲಿಸಿ. ಎಂಟನೆಯದು ಕಂಟ್ರೋಲ್, ಅದಕ್ಕೆ ಸೀರಮ್ ಬೀಳಬಾರದು. ಪ್ರತಿ ವರ್ಷ ಇಬ್ಬರಾದರೂ ಕಂಟ್ರೋಲಿಗೂ ಸುರಿಯುತ್ತಾರೆ, ಬಣ್ಣದ ನೀರಾದ್ದರಿಂದ ದೂರದಿಂದಲೇ ಕಾಣುತ್ತದೆ.

ಈಗ ಲೆಕ್ಕ. ಮೊದಲ ಟ್ಯೂಬ್ 1:10, ಆಮೇಲೆ 1:20, 1:40, ಹೀಗೆ. ಇದಕ್ಕೆ 0.5 ಮಿಲಿ ಆಂಟಿಜೆನ್ ಹಾಕಿದ ತಕ್ಷಣ ಎಲ್ಲವೂ ಇನ್ನೊಂದು ಪಟ್ಟು ತೆಳುವಾಗುತ್ತದೆ. ಮೊದಲನೆಯದು ಈಗ 1:20. ಈ ಒಂದು ಹೆಜ್ಜೆ ಮರೆತು ಟೈಟರನ್ನು (ಗಂಟು ಕಾಣುವ ಅತಿ ತೆಳು ಮಟ್ಟ) ಅರ್ಧ ಬರೆಯುವುದು ಬಹಳ ಮಾಮೂಲಿ ತಪ್ಪು. ಇನ್ನೊಂದು ತಪ್ಪು ಒಂದೇ ಟಿಪ್ಪಿನಲ್ಲಿ ಎಲ್ಲ ಟ್ಯೂಬ್ ದಾಟುವುದು. ಒಂದು ಬ್ಯಾಚಿಗೆ ಟಿಪ್ ಬದಲಿಸಿ ಮಾಡಲು ಹೇಳಿ, ಇನ್ನೊಂದಕ್ಕೆ ಹೇಳಬೇಡಿ, ಕೊನೆಯ ಟ್ಯೂಬಿನ ಬಣ್ಣ ಪಕ್ಕಪಕ್ಕ ಇಟ್ಟು ನೋಡಿ. ಬೈಯುವ ಅಗತ್ಯವೇ ಬೀಳುವುದಿಲ್ಲ.

ಆಮೇಲೆ ನಿಜವಾದ ವಿಡಾಲ್. ಟೈಫಾಯ್ಡ್ ಹುಡುಕುವ 1896ರ ಟೆಸ್ಟ್ ಇದು, ಇವತ್ತಿಗೂ ನಮ್ಮ ಊರೂರಿನ ಲ್ಯಾಬಿನಲ್ಲಿ ನಡೆಯುತ್ತಿದೆ. ಸ್ಲೈಡ್ ವಿಡಾಲ್ ಮಾತ್ರ ತೋರಿಸಿ ಬಿಡಬೇಡಿ. ಟ್ಯೂಬಿನಲ್ಲಿ ರಾತ್ರಿಯಿಡೀ ಇಟ್ಟು ನೋಡಿದಾಗ ಬ್ಯಾಕ್ಟೀರಿಯಾದ ಓ ಆಂಟಿಜೆನ್ನಿನ (ಇಲ್ಲಿನ ಓ, ಎಚ್ ರಕ್ತದ ಗುಂಪಿನವಲ್ಲ) ಗಂಟು ಸಣ್ಣಕ್ಕಿ ನುಚ್ಚಿನ ಹಾಗೆ ತಳದಲ್ಲಿ ಹರಡಿರುತ್ತದೆ, ಎಚ್‌ದು ಹತ್ತಿಯ ಹಾಗೆ ಸಡಿಲವಾಗಿರುತ್ತದೆ. ಇಷ್ಟಾದ ಮೇಲೆ ಆ ಮೂರನೇ ಪ್ರಶ್ನೆ. 1:80 ಬಂದರೆ ಟೈಫಾಯ್ಡ್ ಅಂತ ಬರೆದುಬಿಡಬಹುದಾ? ಇಲ್ಲ. ಹಿಂದೆ ಯಾವಾಗಲೋ ಬಂದುಹೋದ ಸೋಂಕು, ಲಸಿಕೆ, ಬೇರೆ ಸಾಲ್ಮೊನೆಲ್ಲ, ಯಾವುದರಿಂದಲೂ ಹಾಗೆ ಬರಬಹುದು. ನಮ್ಮಂಥ ಕಡೆ ಆರೋಗ್ಯವಾಗಿರುವವರಲ್ಲೂ ಅಷ್ಟು ಸಿಗುತ್ತದೆ. ವಾರ ಹತ್ತು ದಿನ ಬಿಟ್ಟು ಇನ್ನೊಂದು ಸ್ಯಾಂಪಲ್ ತೆಗೆದು ನಾಲ್ಕು ಪಟ್ಟು ಏರಿದರೆ ಅದಕ್ಕೊಂದು ಅರ್ಥ. ನಾಲ್ಕು ಪಟ್ಟು ಯಾಕೆ, ಎರಡು ಯಾಕಲ್ಲ? ಒಂದು ಟ್ಯೂಬಿನ ವ್ಯತ್ಯಾಸ ಕೈಯ ವ್ಯತ್ಯಾಸ. ಒಂದೇ ಸೀರಮ್ಮನ್ನು ಹತ್ತು ಮಕ್ಕಳಿಗೆ ಕೊಟ್ಟು ನೋಡಿ, ಅರ್ಧ ಜನ 1:80 ಅಂದರೆ ಇನ್ನರ್ಧ 1:160 ಅನ್ನುತ್ತಾರೆ. ಯಾರೂ ತಪ್ಪಲ್ಲ.

ಕೋಳಿಯ ಪಾಠ

ಆಂಟಿಬಾಡಿ ತಯಾರಿಸುವ ಬಿ ಕೋಶಕ್ಕೆ ಬಿ ಅಂತ ಯಾಕೆ ಹೆಸರು? ಬೋನ್ ಮ್ಯಾರೋ ಅಂತಲೇ ಮಕ್ಕಳು ಅಂದುಕೊಂಡಿರುತ್ತಾರೆ. ಅಲ್ಲ. ಕೋಳಿಯ ಹಿಂಭಾಗದಲ್ಲಿ ಬರ್ಸಾ ಅನ್ನುವ ಒಂದು ಸಣ್ಣ ಚೀಲ ಇದೆ, ಹೆಸರು ಅದರದ್ದು. ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಅದನ್ನು ಕೋಳಿಮರಿಗಳಿಂದ ತೆಗೆದು ಏನಾಗುತ್ತದೆ ಅಂತ ನೋಡುತ್ತಿದ್ದ. ಏನೂ ಆಗಲಿಲ್ಲ. ಜೊತೆಗೆ ಓದುತ್ತಿದ್ದ ಟಿಮತಿ ಚಾಂಗ್‌ಗೆ ತನ್ನ ತರಗತಿಯಲ್ಲಿ ಆಂಟಿಬಾಡಿ ಹುಟ್ಟುವುದನ್ನು ಮಕ್ಕಳಿಗೆ ತೋರಿಸಬೇಕಿತ್ತು, ಆ ಕೋಳಿಗಳನ್ನೇ ಕೇಳಿ ತೆಗೆದುಕೊಂಡ. ಸಾಲ್ಮೊನೆಲ್ಲ ಆಂಟಿಜೆನ್ ಚುಚ್ಚಿದ, ಟ್ಯೂಬಿಗೆ ಸೀರಮ್ ಹಾಕಿದ, ಬರ್ಸಾ ಇಲ್ಲದ ಕೋಳಿಗಳಲ್ಲಿ ಗಂಟೇ ಇಲ್ಲ! ಪ್ರಾಕ್ಟಿಕಲ್ ಕೆಟ್ಟಿತು ಅಂತ ಚೆಲ್ಲಬಹುದಿತ್ತು. ಚೆಲ್ಲಲಿಲ್ಲ, ಯಾಕೆ ಅಂತ ಕೇಳಿದರು. 1956ರಲ್ಲಿ ಅದು ಅಚ್ಚಾದದ್ದು ಕೋಳಿಸಾಕಣೆಯ ಒಂದು ಪತ್ರಿಕೆಯಲ್ಲಿ, ದೊಡ್ಡ ವಿಜ್ಞಾನಿಗಳ ಕಣ್ಣಿಗೆ ಬೀಳಲು ಕೆಲವು ವರ್ಷ ಹಿಡಿಯಿತು. ಈ ಕಥೆಯನ್ನು ನಾನು ಸಿಂಕ್ ಪಕ್ಕದಲ್ಲೇ ನಿಂತು ಹೇಳುತ್ತೇನೆ.

ರೋಗನಿರೋಧಕ ಶಕ್ತಿಯ ಹುಟ್ಟು ಕೊರತೆಗಳು

ಇಲ್ಲಿ ಮಾಡುವ ದೊಡ್ಡ ತಪ್ಪು ಹೆಸರಿನ ಪಟ್ಟಿ ಬಾಯಿಪಾಠ ಮಾಡಿಸುವುದು. ಇಂಥ ಕಾಯಿಲೆಗಳು ಈಗ ನಾನೂರಕ್ಕೂ ಜಾಸ್ತಿ ಗೊತ್ತಾಗಿವೆ, ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಮಗುವಿನ ವಯಸ್ಸು, ಬಂದ ರೋಗಾಣು, ಅತಿ ಅಗ್ಗದ ಟೆಸ್ಟ್, ಈ ಮೂರನ್ನು ಜೋಡಿಸಿ ಕಲಿಸಿ.

ಅತಿ ಅಗ್ಗದ ಟೆಸ್ಟ್ ಅಂದರೆ ಸಿಬಿಸಿ, ರಕ್ತಕಣಗಳ ಎಣಿಕೆ. ಬೋರ್ಡಿನ ಮೇಲೆ ಇಷ್ಟು ಬರೆಯಿರಿ: ನಾಲ್ಕು ತಿಂಗಳ ಮಗು, ಬಿಳಿ ರಕ್ತಕಣ 6,500, ಲಿಂಫೊಸೈಟ್ ಶೇ 22. ಮೆಷಿನ್ ಎಲ್ಲೂ ಕೆಂಪು ಗುರುತು ಹಾಕಿಲ್ಲ. ಸರಿಯಿದೆಯಾ? ಎಲ್ಲರೂ ತಲೆ ಆಡಿಸುತ್ತಾರೆ. ಈಗ ಗುಣಿಸಿ ಅನ್ನಿ. 1,430. ದೊಡ್ಡವರಿಗೆ ಪರವಾಗಿಲ್ಲ. ಆದರೆ ಎಳೆಮಗುವಿನ ರಕ್ತದಲ್ಲಿ ಲಿಂಫೊಸೈಟ್‌ಗಳೇ ಜಾಸ್ತಿ ಇರಬೇಕು, 3,000ಕ್ಕಿಂತ ಕಡಿಮೆ ಬಂದರೆ ಕಿವಿ ನೆಟ್ಟಗಾಗಬೇಕು. ಮೆಷಿನ್‌ನಲ್ಲಿ ಕೂತಿರುವುದು ದೊಡ್ಡವರ ರೇಂಜ್, ಅದಕ್ಕೆ ಸುಮ್ನೆ ಇದೆ. ಈ ಮಗುವಿಗೆ ಸ್ಕಿಡ್ ಅನ್ನುವ ತೀವ್ರ ಕೊರತೆ ಇರಬಹುದು, ಟಿ ಕೋಶಗಳೇ ಇಲ್ಲದಿರಬಹುದು. ನಮ್ಮಲ್ಲಿ ಹುಟ್ಟಿದ ಕೂಡಲೇ ಬಿಸಿಜಿ ಹಾಕುತ್ತೇವೆ, ಅದು ಜೀವಂತ ಲಸಿಕೆ, ಇಂಥ ಮಗುವಿನ ಮೈತುಂಬಾ ಅದೇ ಹರಡಿಬಿಡಬಹುದು. ಲಸಿಕೆ ಹಾಕಿದ ಜಾಗ ಹುಣ್ಣಾಗಿ ವಾಸಿಯೇ ಆಗುತ್ತಿಲ್ಲ, ಕಂಕುಳಲ್ಲಿ ಗಡ್ಡೆ, ಜೊತೆಗೆ ಈ 1,430. ಕ್ಯಾಲ್ಕುಲೇಟರ್ ಇದ್ದರೆ ಸಾಕು, ಟೆಕ್ನಿಷಿಯನ್ ಒಬ್ಬರು ಡಾಕ್ಟರಿಗೆ ಫೋನ್ ಮಾಡಿ ಹೇಳಬಹುದಾದ ವಿಷಯ ಇದು. ಖಚಿತ ಮಾಡಲು ಫ್ಲೋ ಸೈಟೊಮೆಟ್ರಿ ಬೇಕು, ಟಿ, ಬಿ, ಎನ್‌ಕೆ ಕೋಶಗಳ ಗುರುತಾದ ಸಿಡಿ3, ಸಿಡಿ19, ಸಿಡಿ16/56 ಎಣಿಸಬೇಕು, ಅದು ದೊಡ್ಡ ಆಸ್ಪತ್ರೆಯ ಕೆಲಸ. ಅನುಮಾನ ಹುಟ್ಟಬೇಕಾದದ್ದು ಮಾತ್ರ ತಾಲ್ಲೂಕಿನ ಲ್ಯಾಬಿನಲ್ಲಿ.

ಈ ಮಗುವಿನ ಐಜಿ-ಜಿ ನೋಡಿದರೆ ಹೆಚ್ಚುಕಡಿಮೆ ಸರಿಯಾಗಿಯೇ ಇರಬಹುದು. ಯಾಕೆ ಅಂತ ಕೇಳಿ, ಒಂದು ನಿಮಿಷ ಸುಮ್ಮನಿರಿ. ಅದು ಅಮ್ಮನದು! ಬಸಿರಲ್ಲಿ ಕೊಟ್ಟು ಕಳಿಸಿದ್ದು. ಐಜಿ-ಜಿಯ ಅರ್ಧಾಯುಷ್ಯ ಸುಮಾರು 21 ದಿನ, ಆರು ತಿಂಗಳಾಗುವಷ್ಟರಲ್ಲಿ ತಾಯಿಯ ಬುತ್ತಿ ಖಾಲಿ. ಆಮೇಲೆ ಶುರುವಾಗುವ ನ್ಯುಮೋನಿಯಾ, ಕಿವಿ ಸೋರುವುದು, ಅದೂ ಗಂಡು ಮಗುವಿಗೆ, ಅಂದರೆ ಬ್ರೂಟನ್ ಹೇಳಿದ ಕಾಯಿಲೆ ನೆನಪಾಗಬೇಕು. 1952ರಲ್ಲಿ ಆಗ್ಡೆನ್ ಬ್ರೂಟನ್ ಅನ್ನುವ ಅಮೆರಿಕದ ಸೈನ್ಯದ ವೈದ್ಯ, ನ್ಯುಮೊಕಾಕಸ್ ಸೋಂಕು ಮತ್ತೆ ಮತ್ತೆ ಬರುತ್ತಿದ್ದ ಎಂಟು ವರ್ಷದ ಹುಡುಗನ ಸೀರಮ್ಮನ್ನು ಎಲೆಕ್ಟ್ರೊಫೊರೆಸಿಸ್‌ಗೆ (ವಿದ್ಯುತ್ತಿನಿಂದ ಪ್ರೋಟೀನ್ ಬೇರೆ ಮಾಡುವ ವಿಧಾನ) ಹಾಕಿದಾಗ ಆಂಟಿಬಾಡಿ ಇರಬೇಕಾದ ಗಾಮಾ ಜಾಗ ಖಾಲಿ ಇತ್ತು. ಬ್ರೂಟನ್ ಹೊರಗಿನಿಂದ ಗಾಮಾ ಗ್ಲೋಬ್ಯುಲಿನ್ ಕೊಟ್ಟರು, ಹುಡುಗ ಸುಧಾರಿಸಿದ. ಈ ಕಾಯಿಲೆಯ ಜೀನ್ ಸಿಕ್ಕಿದ್ದು 1993ರಲ್ಲಿ. ಎಲೆಕ್ಟ್ರೊಫೊರೆಸಿಸ್ ಪಟ್ಟಿ ನಿಮ್ಮ ಕಾಲೇಜಿನಲ್ಲಿ ಇದ್ದರೆ ಸಾಮಾನ್ಯ ಸೀರಮ್ ಪಟ್ಟಿ ತೋರಿಸಿ, ಗಾಮಾ ಭಾಗವನ್ನು ಕಾಗದದಿಂದ ಮುಚ್ಚಿ. ಅಷ್ಟೇ ಸಾಕು.

ನ್ಯೂಟ್ರೋಫಿಲ್ ಅನ್ನುವ ಬಿಳಿ ರಕ್ತಕಣ ರೋಗಾಣುವನ್ನು ಕೊಲ್ಲಲಾಗದ ಸಿಜಿಡಿ ಅನ್ನುವ ಕೊರತೆಗೆ ಎನ್‌ಬಿಟಿ ಅನ್ನುವ ಬಣ್ಣದ ಟೆಸ್ಟ್ ಮಾಡಿಸಿ, ಕಣ್ಣಿಗೆ ಹಬ್ಬ. ಹಳದಿ ಬಣ್ಣದ ದ್ರಾವಣ, ಸರಿಯಾಗಿ ಕೆಲಸ ಮಾಡುವ ನ್ಯೂಟ್ರೋಫಿಲ್ ಒಳಗೆ ಕಡುನೀಲಿ ಕಾಳಾಗುತ್ತದೆ. ಸಿಜಿಡಿ ಇದ್ದರೆ ಕೋಶ ರೋಗಾಣುವನ್ನು ನುಂಗುತ್ತದೆ, ಕೊಲ್ಲಲು ಬೇಕಾದ ರಾಸಾಯನಿಕ ಮಾತ್ರ ತಯಾರಾಗುವುದಿಲ್ಲ, ನೀಲಿ ಬರುವುದಿಲ್ಲ. ಹೆಪಾರಿನ್ ರಕ್ತ, ಅದೇ ದಿನ ಮಾಡಬೇಕು, ಪಕ್ಕದಲ್ಲಿ ಆರೋಗ್ಯವಂತರೊಬ್ಬರ ರಕ್ತ ಕಡ್ಡಾಯ. ಎಕ್ಸ್ ಕ್ರೋಮೋಸೋಮಿನ ಮೂಲಕ ಬರುವ ಬಗೆಯಲ್ಲಿ ತಾಯಿಯ ಸ್ಲೈಡ್ ನೋಡಿದರೆ ಕೆಲವು ಕೋಶ ನೀಲಿ, ಕೆಲವು ಇಲ್ಲ. ಒಂದೇ ದೇಹ, ಎರಡು ಬಗೆಯ ಕೋಶ. ಅಂಥ ಚಿತ್ರವೊಂದನ್ನು ಹುಡುಕಿ ತೋರಿಸಿ, ಜೆನೆಟಿಕ್ಸ್ ಮೇಷ್ಟ್ರ ಒಂದು ಪಾಠ ಉಳಿಯುತ್ತದೆ.

ಎಎನ್‌ಎ: ಪಾಸಿಟಿವ್ ಬಂದ ಮಾತ್ರಕ್ಕೆ

ಎಎನ್‌ಎ ಅಂದರೆ ನಮ್ಮದೇ ಕೋಶಕೇಂದ್ರದ ವಿರುದ್ಧ ಹುಟ್ಟುವ ಆಂಟಿಬಾಡಿ, ಲೂಪಸ್ಸಿನಂಥ ಆಟೊಇಮ್ಯೂನ್ (ದೇಹ ತನ್ನ ಮೇಲೇ ತಿರುಗಿ ಬೀಳುವ) ಕಾಯಿಲೆಯ ಅನುಮಾನ ಇದ್ದಾಗ ಹುಡುಕುತ್ತೇವೆ. ಇಲ್ಲಿಗೆ ಬಂದಾಗ ಮೊದಲು ಒಂದು ಲೆಕ್ಕ ಮಾಡಿಸಿ. 1997ರಲ್ಲಿ ಹಲವು ದೇಶದ ಲ್ಯಾಬುಗಳು ಸೇರಿ ಆರೋಗ್ಯವಂತರ ಸೀರಮ್ಮನ್ನೇ ನೋಡಿದಾಗ 1:40ರಲ್ಲಿ ಶೇ 31.7 ಜನ ಪಾಸಿಟಿವ್, 1:80ರಲ್ಲಿ ಶೇ 13.3, 1:160ರಲ್ಲಿ ಶೇ 5, 1:320ರಲ್ಲಿ ಶೇ 3.3. ನಿಮ್ಮ ತರಗತಿಯಲ್ಲಿ 60 ಜನ ಇದ್ದರೆ 1:40ರಲ್ಲಿ ಎಷ್ಟು? ಸುಮಾರು 19. ಹತ್ತೊಂಬತ್ತು ಜನರನ್ನು ಎದ್ದು ನಿಲ್ಲಿಸಿ. 'ನಿಮಗೆಲ್ಲ ಲೂಪಸ್' ಅನ್ನಿ. ನಗುತ್ತಾರೆ. 1:320 ಅಂದಾಗ ಇಬ್ಬರು ಇನ್ನೂ ನಿಂತೇ ಇರುತ್ತಾರೆ, ಆಗ ನಗು ಸ್ವಲ್ಪ ಕಡಿಮೆಯಾಗುತ್ತದೆ. ನನ್ನ ಪರಿಚಯದ ಹೆಣ್ಣುಮಗಳೊಬ್ಬಳು ಸುಮ್ನೆ ಕೂದಲು ಉದುರುತ್ತದೆ ಅಂತ ಪ್ಯಾಕೇಜ್ ಟೆಸ್ಟ್ ಮಾಡಿಸಿ, 1:40 ಪಾಸಿಟಿವ್ ಅಂತ ಬಂದ ಕಾಗದ ಹಿಡಿದು ಮೂರು ತಿಂಗಳು ನಿದ್ದೆಗೆಟ್ಟಿದ್ದಳು. ಟೈಟರ್ ಬರೆಯದೆ ಬರೀ ಪಾಸಿಟಿವ್ ಅಂತ ಕೊಡುವ ರಿಪೋರ್ಟು ಅದಕ್ಕಿಂತಲೂ ಕೆಟ್ಟದ್ದು. ಲೂಪಸ್ಸಿಗೆ 2019ರಲ್ಲಿ ಬಂದ ವರ್ಗೀಕರಣದಲ್ಲೂ ಎಎನ್‌ಎ 1:80 ಅಥವಾ ಹೆಚ್ಚು ಇರುವುದು ಬಾಗಿಲು ಮಾತ್ರ, ಒಳಗೆ ಹೋದ ಮೇಲೆ ಬೇರೆ ಲಕ್ಷಣ, ಬೇರೆ ಟೆಸ್ಟುಗಳಿಗೆ ಅಂಕ ಕೂಡಿಸಬೇಕು.

ಎಎನ್‌ಎ ಹೊಳಪು ನೋಡುವ ಫ್ಲೋರೊಸೆಂಟ್ ಮೈಕ್ರೊಸ್ಕೋಪ್ ಇಲ್ಲದ ಕಾಲೇಜೇ ಜಾಸ್ತಿ. ಪರವಾಗಿಲ್ಲ. ಐಕ್ಯಾಪ್ ಅನ್ನುವ ಅಂತಾರಾಷ್ಟ್ರೀಯ ತಂಡ ಎಲ್ಲ ಬಗೆಯ ಚಿತ್ರಗಳನ್ನು ಎಸಿ ಸಂಖ್ಯೆ ಕೊಟ್ಟು ಉಚಿತವಾಗಿ ಇಟ್ಟಿದೆ. ಕೋಣೆ ಕತ್ತಲು ಮಾಡಿ ಪ್ರೊಜೆಕ್ಟರಿನಲ್ಲಿ ಹಾಕಿ. ವಿಭಜನೆಯಾಗುತ್ತಿರುವ ಕೋಶವನ್ನು ಮೊದಲು ಹುಡುಕಲು ಹೇಳಿ, ಬೀಗದ ಕೈ ಅಲ್ಲಿದೆ. ಕ್ರೋಮೋಸೋಮಿನ ಪಟ್ಟಿ ಹೊಳೆದರೆ ಹೋಮೊಜೀನಸ್, ಅದು ಕತ್ತಲಾಗಿದ್ದು ಸುತ್ತಲೂ ಚುಕ್ಕಿ ಇದ್ದರೆ ಸ್ಪೆಕಲ್ಡ್. ಇಬ್ಬಿಬ್ಬರು ಒಬ್ಬರಿಗೊಬ್ಬರು ತೋರಿಸದೆ ಬರೆಯಲಿ, ಆಮೇಲೆ ಹೋಲಿಸಲಿ. ಜಗಳವಾದರೆ ಆಗಲಿ, ನಿಜವಾದ ಲ್ಯಾಬಿನಲ್ಲೂ ಇದೇ ಜಗಳ ನಡೆಯುತ್ತದೆ.

ಅಲರ್ಜಿ ಮತ್ತು ಉಳಿದದ್ದು

ಹೈಪರ್‌ಸೆನ್ಸಿಟಿವಿಟಿಯ (ರೋಗನಿರೋಧಕ ವ್ಯವಸ್ಥೆ ಅತಿಯಾಗಿ ಪ್ರತಿಕ್ರಿಯಿಸುವುದು) ನಾಲ್ಕು ಬಗೆಗೆ ಊರಿನ ಉದಾಹರಣೆ ಸಾಕು. ಹಾವು ಕಚ್ಚಿದಾಗ ಕೊಡುವ ಔಷಧ ಕುದುರೆಯ ಸೀರಮ್ಮಿನಿಂದ ಬಂದದ್ದು. ಅದನ್ನು ಕೊಟ್ಟ ಒಂದೆರಡು ವಾರದ ಮೇಲೆ ಜ್ವರ, ಕೀಲುನೋವು, ದದ್ದು ಬಂದರೆ ಅದು ಮೂರನೇ ಬಗೆ, ಪಿರ್ಕೆ ಮತ್ತು ಶಿಕ್ 1905ರಲ್ಲೇ ಬರೆದಿಟ್ಟದ್ದು. ಕೊಟ್ಟ ಕೆಲವೇ ನಿಮಿಷಕ್ಕೆ ಆಗುವ ರಿಯಾಕ್ಷನ್ ಬೇರೆ, ಅದೆಲ್ಲವೂ ಐಜಿ-ಇ ಅನ್ನುವ ಅಲರ್ಜಿಯ ಆಂಟಿಬಾಡಿಯಿಂದಲೇ ಅಂತ ಹೇಳಿಬಿಡಬೇಡಿ. ನಾಲ್ಕನೇ ಬಗೆಗೆ ಕ್ಷಯಕ್ಕೆ ಚರ್ಮದ ಮೇಲೆ ಮಾಡುವ ಮ್ಯಾಂಟು ಟೆಸ್ಟ್ ಇದೆ. 48ರಿಂದ 72 ಗಂಟೆಗೆ ನೋಡಬೇಕು, ಕೆಂಪಾದದ್ದನ್ನಲ್ಲ, ಗಟ್ಟಿಯಾದದ್ದನ್ನು ಅಳೆಯಬೇಕು. ಬಾಲ್‌ಪೆನ್ನಿನಿಂದ ಹೊರಗಿನಿಂದ ಒಳಕ್ಕೆ ಗೆರೆ ಎಳೆಯುತ್ತಾ ಬಂದರೆ ಗಟ್ಟಿ ಅಂಚಿಗೆ ಪೆನ್ನು ತಾನೇ ನಿಲ್ಲುತ್ತದೆ. ಒಟ್ಟು ಐಜಿ-ಇ ಜಾಸ್ತಿ ಇದ್ದರೆ ಅಲರ್ಜಿ ಅಂತ ಬರೆಯುವ ಮೊದಲು ಹೊಟ್ಟೆಯ ಹುಳು ನೆನಪಿರಲಿ.

ಸ್ಯಾಂಪಲ್ ಬಗ್ಗೆ ಪ್ರತ್ಯೇಕ ಪಾಠ ಬೇಡ, ಪ್ರತಿ ಟೆಸ್ಟಿನ ಜೊತೆಗೇ ಹೇಳಿ. ಎಲ್ಲವನ್ನೂ ಫ್ರಿಜ್‌ನಲ್ಲಿ ಇಟ್ಟರೆ ಸುರಕ್ಷಿತ ಅನ್ನುವ ನಂಬಿಕೆಯನ್ನು ಮುರಿಯಬೇಕು. ಸಿಡಿ4 (ಒಂದು ಬಗೆಯ ಟಿ ಕೋಶ) ಎಣಿಸುವ, ಹೆಪ್ಪುಗಟ್ಟದಂತೆ ಇಡಿಟಿಎ ಬೆರೆಸಿದ ರಕ್ತ ಕೋಣೆಯ ಉಷ್ಣದಲ್ಲೇ ಇರಬೇಕು. ಕ್ರಯೊಗ್ಲೋಬ್ಯುಲಿನ್‌ಗಂತೂ ರಕ್ತ ತೆಗೆದು ಸೀರಮ್ ಬೇರೆ ಮಾಡುವವರೆಗೂ 37 ಡಿಗ್ರಿ ಬಿಸಿ ಬಿಡಬಾರದು. ತಣ್ಣಗಾದರೆ ಹುಡುಕುತ್ತಿರುವ ವಸ್ತುವೇ ತಳಕ್ಕೆ ಕೂತು ಹೆಪ್ಪಿನ ಜೊತೆ ಕಸಕ್ಕೆ ಹೋಗುತ್ತದೆ, ರಿಪೋರ್ಟ್ ನೆಗೆಟಿವ್.

ಪರೀಕ್ಷೆಯಲ್ಲಿ ನಾನು ಈಗ 'ವಿವರಿಸಿ' ಪ್ರಶ್ನೆ ಅರ್ಧಕ್ಕೆ ಇಳಿಸಿದ್ದೇನೆ. ಉಳಿದರ್ಧಕ್ಕೆ ಐದು ರಿಪೋರ್ಟ್ ಕೊಡುತ್ತೇನೆ. ಒಂದರಲ್ಲಿ ಕಂಟ್ರೋಲ್ ಟ್ಯೂಬಿನಲ್ಲೂ ಗಂಟು, ಒಂದರಲ್ಲಿ ಎಳೆಮಗುವಿನ ಸಿಬಿಸಿ, ಒಂದರಲ್ಲಿ ಟೈಟರ್ ಇಲ್ಲದ ಎಎನ್‌ಎ, ಒಂದರಲ್ಲಿ ಮೊದಲ ಎರಡು ಟ್ಯೂಬ್ ಖಾಲಿ ಮೂರನೆಯದರಲ್ಲಿ ಗಂಟು, ಇನ್ನೊಂದರಲ್ಲಿ ಎಲ್ಲ ಸರಿ. ಪ್ರತಿಯೊಂದರ ಕೆಳಗೆ ಏನು ಮಾಡುತ್ತೀರಿ ಅಂತ ಒಂದೇ ಸಾಲು: ಸಹಿ ಹಾಕಿ ಕಳಿಸುತ್ತೀರಾ, ಮತ್ತೆ ಮಾಡುತ್ತೀರಾ, ಡಾಕ್ಟರಿಗೆ ಫೋನ್ ಮಾಡುತ್ತೀರಾ? ಎಲ್ಲ ಸರಿಯಿರುವ ಐದನೆಯದನ್ನೂ ಮತ್ತೆ ಮಾಡುತ್ತೇನೆ ಅಂತ ಬರೆಯುವವರು ಪ್ರತಿ ವರ್ಷ ಕೆಲವರು ಇದ್ದೇ ಇರುತ್ತಾರೆ. ಅವರಿಗೆ ಅರ್ಧ ಅಂಕ ಕಡಿಯುತ್ತೇನೆ, ಕಿಟ್ ಪುಕ್ಕಟೆ ಬರುವುದಿಲ್ಲವಲ್ಲ.